1860ರ ದಶಕದ ಮರುಅಭಿನಯಕ್ಕೆ ಕಡಿಮೆ ಖರ್ಚಿನ ಗಿಟಾರ್: ಆಯ್ಕೆ, ಪರೀಕ್ಷೆ, ಸಿದ್ಧತೆ

ಅಮೆರಿಕದ ಅಂತರ್ಯುದ್ಧದ ಕಾಲವನ್ನು, ಎಂದರೆ 1861ರಿಂದ 1865ರವರೆಗಿನ ವರ್ಷಗಳನ್ನು, ಉಡುಪು, ಡೇರೆ, ಅಡುಗೆ, ಹಾಡುಗಳ ಸಮೇತ ಮತ್ತೆ ಕಟ್ಟಿ ತೋರಿಸುವ ಶಿಬಿರಗಳು ಇಲ್ಲಿ, ಅಮೆರಿಕದಲ್ಲಿ, ಪ್ರತಿ ಬೇಸಿಗೆಯಲ್ಲೂ ನಡೆಯುತ್ತವೆ. ಅವುಗಳಲ್ಲಿ ಭಾಗವಹಿಸತೊಡಗಿರುವ ಕನ್ನಡಿಗ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಹೆಚ್ಚು ಹಣ ಹಾಕದೆ ಆ ಕಾಲಕ್ಕೆ ಒಪ್ಪುವ ಗಿಟಾರನ್ನು ಹೇಗೆ ಆರಿಸಬೇಕು? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪುರಾತನ ವಾದ್ಯವನ್ನು ಹುಡುಕಿಕೊಂಡು ಹೋಗಬೇಡಿ, ಉಕ್ಕಿನ ತಂತಿಯ ಗಿಟಾರನ್ನು ಕೊಳ್ಳಬೇಡಿ. ಮುಕ್ಕಾಲು ಅಳತೆಯ, ನೈಲಾನ್ ತಂತಿಯ, ಸಾದಾ ಕ್ಲಾಸಿಕಲ್ ಗಿಟಾರೊಂದನ್ನು ಕೊಂಡು, ಅದಕ್ಕೆ ತಂತಿ ಬದಲಿಸಿ, ಮೇಲ್ಮೈಯನ್ನು ಸ್ವಲ್ಪ ತಿದ್ದಿಕೊಳ್ಳಿ. ಇದೇ ಏಕೆ, ಹೇಗೆ ಎಂಬುದನ್ನು ಮುಂದೆ ಹಂತಹಂತವಾಗಿ ವಿವರಿಸಿದ್ದೇನೆ.

ಇದಕ್ಕೆ ಬೇಕಾದದ್ದು ಇಷ್ಟು: ತಂತಿ ಮತ್ತು ಚೀಲದ ಖರ್ಚೂ ಸೇರಿ ಸುಮಾರು 250ರಿಂದ 300 ಡಾಲರ್, ಒಂದು ಅಳತೆ ಟೇಪು, ಗಿಟಾರಿನ ಒಳಗನ್ನು ನೋಡಲು ಸಣ್ಣ ಕನ್ನಡಿ ಮತ್ತು ಟಾರ್ಚು, ತಿದ್ದುವ ಕೆಲಸಕ್ಕೆ ಒಂದು ಸಂಜೆಯ ಬಿಡುವು.

1. ಮೊದಲು ಕಾಲ, ಸ್ಥಳ, ಪಾತ್ರಗಳನ್ನು ಗೊತ್ತುಮಾಡಿಕೊಳ್ಳಿ

ಮರುಅಭಿನಯ ಮಾಡುವವರು ತಾವು ವಹಿಸುವ ಪಾತ್ರವನ್ನು "ಇಂಪ್ರೆಷನ್" ಎನ್ನುತ್ತಾರೆ. ನಿಮ್ಮ ಇಂಪ್ರೆಷನ್ ಯಾವ ವರ್ಷದ, ಯಾವ ಊರಿನ, ಯಾವ ವರ್ಗದ ಮನುಷ್ಯನದು ಎಂಬುದು ಗೊತ್ತಾಗದೆ ವಾದ್ಯವನ್ನು ಆರಿಸಲು ಬರುವುದಿಲ್ಲ, ಏಕೆಂದರೆ ಗಿಟಾರ್ ಎಂಬ ಹೆಸರು ಒಂದೇ ಆದರೂ ವಾದ್ಯ ಶತಮಾನದಿಂದ ಶತಮಾನಕ್ಕೆ ಬೇರೆಯಾಗಿದೆ. ಹದಿನಾರನೆಯ ಶತಮಾನದ ಗಿಟಾರಿಗೆ ನಾಲ್ಕು ಜೋಡಿ ತಂತಿಗಳು, ಹದಿನೇಳನೆಯ ಶತಮಾನದ್ದಕ್ಕೆ ಐದು ಜೋಡಿ. ನಾವು ಇಂದು ಬಲ್ಲ ಆರು ಒಂಟಿ ತಂತಿಗಳ ಗಿಟಾರ್ ರೂಢಿಗೆ ಬಂದದ್ದು 1800ರ ಆಸುಪಾಸಿನಲ್ಲಿ. ಅಮೆರಿಕದ ಸ್ವಾತಂತ್ರ್ಯಯುದ್ಧದ ಕಾಲದ ಇಂಗ್ಲಿಷ್ ಮನೆಗಳಲ್ಲಿ ಗಿಟಾರ್ ಎಂದು ಕರೆಯುತ್ತಿದ್ದುದು ಲೋಹದ ತಂತಿಯ, ಸಿಟರ್ನ್ ಎಂಬ ಹಳೆಯ ತಂತಿವಾದ್ಯದ ಜಾತಿಯ, ಬೇರೆಯದೇ ವಾದ್ಯ. ಆದ್ದರಿಂದ ನಿಮ್ಮ ತಂಡ 1776ರದಾಗಿದ್ದರೆ ಅಥವಾ ಯುರೋಪಿನ ನವೋದಯ (ರೆನೆಸಾನ್ಸ್) ಕಾಲದ ಜಾತ್ರೆಯದಾಗಿದ್ದರೆ ಈ ಲೇಖನದ ಸಲಹೆ ನಿಮಗೆ ಒದಗುವುದಿಲ್ಲ.

ಅಂತರ್ಯುದ್ಧದ ಕಾಲಕ್ಕೆ ಬಂದರೂ ಒಂದು ಮಾತನ್ನು ಗಮನದಲ್ಲಿಡಬೇಕು. ಸೈನಿಕರ ಡೇರೆಗಳ ನಡುವೆ ಹೆಚ್ಚಾಗಿ ಕೇಳಿಬರುತ್ತಿದ್ದುದು ಪಿಟೀಲು, ಬ್ಯಾಂಜೊ ಮತ್ತು ಫೈಫ್ ಎಂಬ ಸಣ್ಣ ಕೊಳಲು. ಗಿಟಾರ್ ಪ್ರಧಾನವಾಗಿ ಮನೆಯ ನಡುಮನೆಯ ವಾದ್ಯವಾಗಿತ್ತು, ಮಧ್ಯಮವರ್ಗದ ಹೆಂಗಸರು ಅದನ್ನು ಹೆಚ್ಚಾಗಿ ಕಲಿಯುತ್ತಿದ್ದರು. ಗಂಡಸರು ನುಡಿಸುತ್ತಿರಲಿಲ್ಲವೆಂದಲ್ಲ, ಕ್ಲೀವ್‌ಲ್ಯಾಂಡಿನಲ್ಲಿದ್ದ ಕರಿಯ ಸಂಗೀತಗಾರ ಜಸ್ಟಿನ್ ಹಾಲೆಂಡ್ ಆ ಕಾಲದ ಹೆಸರಾಂತ ಗಿಟಾರ್ ಗುರುವಾಗಿದ್ದರು. ಆದರೂ ಮುಂಚೂಣಿಯ ಪದಾತಿಯ ವೇಷದಲ್ಲಿ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಹೊರಡುವುದಕ್ಕಿಂತ, ಊರಿನ ಮನೆಯ ಅಥವಾ ನಾಗರಿಕರ ಶಿಬಿರದ ದೃಶ್ಯದಲ್ಲಿ ಅದನ್ನು ಇಟ್ಟುಕೊಳ್ಳುವುದು ಇತಿಹಾಸಕ್ಕೆ ಹತ್ತಿರ. ಖರೀದಿಗೆ ಮುಂಚೆ ನಿಮ್ಮ ತಂಡದ ಹಿರಿಯರನ್ನು ಈ ಬಗ್ಗೆ ಕೇಳಿಬಿಡಿ.

2. ಆ ಕಾಲದ ಗಿಟಾರಿನ ಆಕಾರವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಿ

ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮಾರ್ಕ್‌ನಾಯ್‌ಕಿರ್ಷೆನ್ ಊರಿನಿಂದ 1833ರಲ್ಲಿ ನ್ಯೂಯಾರ್ಕಿಗೆ ಬಂದು, ಆ ದಶಕ ಮುಗಿಯುವುದರೊಳಗೆ ಪೆನ್ಸಿಲ್ವೇನಿಯಾದ ನಾಜರೆತ್‌ನಲ್ಲಿ ನೆಲೆಸಿದ ಸಿ. ಎಫ್. ಮಾರ್ಟಿನ್ ಅವರ ಕಾರ್ಯಾಗಾರದ ಅಳತೆಗಳನ್ನು ನಮ್ಮ ಮಾನದಂಡವಾಗಿ ಇಟ್ಟುಕೊಳ್ಳಬಹುದು. ಗಿಟಾರಿನ ಒಡಲಿನಲ್ಲಿ ಸೊಂಟಕ್ಕಿಂತ ಕೆಳಗಿನ ಅಗಲವಾದ ಉಬ್ಬನ್ನು "ಲೋವರ್ ಬೌಟ್" ಎನ್ನುತ್ತಾರೆ. ಮಾರ್ಟಿನ್ ಅವರ 3ನೇ ಅಳತೆಯಲ್ಲಿ ಇದು 11¼ ಅಂಗುಲ, 2ನೆಯದರಲ್ಲಿ 12 ಅಂಗುಲ, 1ನೆಯದರಲ್ಲಿ 12¾ ಅಂಗುಲ. 1850ರ ದಶಕದಲ್ಲಿ "ದೊಡ್ಡದು" ಎಂದು ಬಂದ 0 ಅಳತೆಯದು 13½ ಅಂಗುಲ. ಇಂದು ಅಂಗಡಿಯಲ್ಲಿ ಎಲ್ಲಕ್ಕಿಂತ ಮುಂದೆ ತೂಗುಹಾಕಿರುವ ಡ್ರೆಡ್‌ನಾಟ್ ಆಕಾರದ ಗಿಟಾರಿನ ಲೋವರ್ ಬೌಟ್ 15⅝ ಅಂಗುಲ, ಆ ಆಕಾರ ಹುಟ್ಟಿದ್ದೇ 1916ರಲ್ಲಿ. ದೂರದಿಂದ ನೋಡುವ ಪ್ರೇಕ್ಷಕನ ಕಣ್ಣಿಗೆ ಮೊದಲು ಬೀಳುವುದು ಈ ಗಾತ್ರವೇ. ನೀವು ಎಷ್ಟೇ ಸರಿಯಾದ ಉಣ್ಣೆಯ ಕೋಟು ಹಾಕಿಕೊಂಡಿದ್ದರೂ ಡ್ರೆಡ್‌ನಾಟ್ ಮಡಿಲಿಗೆ ಬಂದ ಕೂಡಲೇ ದೃಶ್ಯ ಐವತ್ತು ವರ್ಷ ಮುಂದಕ್ಕೆ ಜಿಗಿದುಬಿಡುತ್ತದೆ.

ಉಳಿದ ಲಕ್ಷಣಗಳು ಹೀಗಿವೆ. ವೀಣೆಯ ಮೆಟ್ಟಿಲುಗಳಂತೆ ಕೆಲಸಮಾಡುವ ಫ್ರೆಟ್‌ಗಳಲ್ಲಿ ಹನ್ನೆರಡನೆಯದು ಸರಿಯಾಗಿ ದಂಡಿ ಮತ್ತು ಒಡಲು ಕೂಡುವ ಜಾಗದಲ್ಲಿ ಬರುತ್ತದೆ. ಈಗಿನ ಉಕ್ಕಿನ ತಂತಿಯ ಗಿಟಾರುಗಳಲ್ಲಿ ಸಾಮಾನ್ಯವಾಗಿ ಹದಿನಾಲ್ಕನೆಯದು ಬರುತ್ತದೆ. ಫ್ರೆಟ್‌ಗಳ ನಡುವಿನ ಬಿಳಿ ಚುಕ್ಕೆಗಳು ಆಗ ರೂಢಿಯಲ್ಲಿರಲಿಲ್ಲ. ಮುಂಭಾಗದ ಹಲಗೆ ಸ್ಪ್ರೂಸ್ ಎಂಬ ತಿಳಿಬಣ್ಣದ ಮರದ್ದು. ಹಿಂಭಾಗ ಒಳ್ಳೆಯ ವಾದ್ಯಗಳಲ್ಲಿ ಬ್ರೆಜಿಲ್ ದೇಶದ ಬೀಟೆ ಮರದ್ದು. ನಮ್ಮ ಪಶ್ಚಿಮಘಟ್ಟದ ಬೀಟೆಗೆ ಮಾರ್ಟಿನ್ ಸಂಸ್ಥೆ ಹೊರಳಿದ್ದು 1969ರಲ್ಲಿ. ಬೆರಳಿನಿಂದ ನುಡಿಸುತ್ತಿದ್ದ ವಾದ್ಯವಾದ್ದರಿಂದ ಪಿಕ್‌ಗಾರ್ಡ್, ಎಂದರೆ ಗೀರು ಬೀಳದಂತೆ ಹಲಗೆಗೆ ಅಂಟಿಸುವ ತಗಡು, ಇರಲಿಲ್ಲ. ತಂತಿಗಳು ಕುರಿಯ ಕರುಳಿನವು.

3. ಮೂರು ದಾರಿಗಳನ್ನು ತೂಗಿ ನೋಡಿ

ಮೊದಲ ದಾರಿ, ಅಸಲಿ ಹಳೆಯ ವಾದ್ಯ. ಅಂತರ್ಯುದ್ಧದ ಕಾಲದ ಮಾರ್ಟಿನ್ ಕಡಿಮೆ ಖರ್ಚಿನ ಮಾತಲ್ಲ. ಅಂತರ್ಜಾಲದ ಹರಾಜುಗಳಲ್ಲಿ ಕಡಿಮೆ ಬೆಲೆಗೆ "ಪುರಾತನ ಪಾರ್ಲರ್ ಗಿಟಾರ್" (ನಡುಮನೆಯಲ್ಲಿ ನುಡಿಸುವ ಚಿಕ್ಕ ಒಡಲಿನ ಗಿಟಾರ್) ಎಂದು ಬರುವವು ಬಹುಪಾಲು 1900ರಿಂದ 1930ರ ನಡುವೆ ಷಿಕಾಗೊ ಮತ್ತು ನ್ಯೂಜೆರ್ಸಿಯ ಕಾರ್ಖಾನೆಗಳಲ್ಲಿ ರಾಶಿರಾಶಿಯಾಗಿ ತಯಾರಾದ ಬರ್ಚ್ ಮರದ ವಾದ್ಯಗಳು. ಆಕಾರ ಚೆನ್ನಾಗಿ ಹೊಂದುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಹಲವು ದಶಕ ಉಕ್ಕಿನ ತಂತಿ ಎಳೆದೆಳೆದು ಅವುಗಳ ದಂಡಿ ಮುಂದಕ್ಕೆ ಬಾಗಿರುತ್ತದೆ. ದಂಡಿಯನ್ನು ಬಿಚ್ಚಿ, ಕೋನ ತಿದ್ದಿ, ಮತ್ತೆ ಕೂರಿಸುವ "ನೆಕ್ ರೀಸೆಟ್" ಎಂಬ ಕೆಲಸಕ್ಕೆ ವಾದ್ಯದ ಬೆಲೆಗಿಂತ ಹೆಚ್ಚು ಹಣ ತೆರಬೇಕಾಗುತ್ತದೆ. ನಾನೇ ಹೀಗೊಂದನ್ನು ಚಿತ್ರ ನೋಡಿ ತರಿಸಿದ್ದೆ. ಐದನೆಯ ಫ್ರೆಟ್‌ನಿಂದ ಆಚೆಗೆ ತಂತಿಯನ್ನು ಒತ್ತಲಿಕ್ಕೇ ಆಗಲಿಲ್ಲ. ಇನ್ನೊಂದು ತೊಡಕೂ ಇದೆ. ನಿಜವಾದ ಹಳೆಯ ವಾದ್ಯದಲ್ಲಿ ದಂತದ ಬಿರಡೆ, ದಂತದ ಅಂಚು ಇರಬಹುದು, ಬ್ರೆಜಿಲ್ ಬೀಟೆಯಂತೂ ಇದ್ದೇ ಇರಬಹುದು. ಅಪಾಯದಲ್ಲಿರುವ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿ ಬ್ರೆಜಿಲ್ ಬೀಟೆ 1992ರಿಂದಲೇ ಇದೆ. ಅಂಥ ವಾದ್ಯವನ್ನು ಬೆಂಗಳೂರಿಗೆ ಹೋಗುವಾಗ ಜೊತೆಗೆ ಒಯ್ದರೆ ಗಡಿಯಲ್ಲಿ ತೊಂದರೆಯಾಗಬಹುದು. ಭಾರತದ ಬೀಟೆಯಿಂದ ಮಾಡಿದ ಸಿದ್ಧ ವಾದ್ಯಗಳಿಗಾದರೆ 2019ರ ನವೆಂಬರಿನಿಂದ ಸೈಟಿಸ್ ಪರವಾನಗಿಯ ವಿನಾಯಿತಿ ಇದೆ.

ಎರಡನೆಯ ದಾರಿ, ಇಂದು "ಪಾರ್ಲರ್" ಎಂಬ ಹೆಸರಿನಲ್ಲಿ ಮಾರುವ ಹೊಸ ಗಿಟಾರ್. ಹೆಸರನ್ನು ನಂಬಬೇಡಿ. ಇವು ಚಿಕ್ಕ ಒಡಲಿನ ಉಕ್ಕಿನ ತಂತಿಯ ಗಿಟಾರುಗಳು. ಚುಕ್ಕೆ, ಪಿಕ್‌ಗಾರ್ಡ್, ಪಟ್ಟಿ ಸಿಕ್ಕಿಸುವ ಗುಂಡಿ ಎಲ್ಲವೂ ಇರುತ್ತವೆ. ಈಗಾಗಲೇ ನಿಮ್ಮ ಬಳಿ ಒಂದಿದ್ದರೆ ನೈಲಾನ್ ತಂತಿ ಹಾಕಿ ಬಳಸಬಹುದು, ವಾದ್ಯಕ್ಕೆ ಹಾನಿಯಿಲ್ಲ. ಆದರೆ ನೈಲಾನ್ ತಂತಿ ದಪ್ಪವಾದ್ದರಿಂದ ಅದು ಕೂರುವ ಗೀರುಗಳನ್ನು ಅಗಲಿಸಬೇಕು, ಮತ್ತು ಉಕ್ಕಿಗಾಗಿ ದಪ್ಪವಾಗಿ ಮಾಡಿದ ಹಲಗೆಯನ್ನು ಸೌಮ್ಯವಾದ ತಂತಿ ಸರಿಯಾಗಿ ಕಂಪಿಸುವಂತೆ ಮಾಡಲಾರದ್ದರಿಂದ ದನಿ ಕುಗ್ಗುತ್ತದೆ. ಹೊಸದಾಗಿ ಕೊಳ್ಳುವವರಿಗೆ ನಾನು ಇದನ್ನು ಹೇಳಲಾರೆ.

ಮೂರನೆಯದು ನನ್ನ ಸಲಹೆಯ ದಾರಿ. ಕಡಿಮೆ ಬೆಲೆಯ ಕ್ಲಾಸಿಕಲ್ ಗಿಟಾರ್ ಆ ಕಾಲಕ್ಕೆ ಬೇಕಾದ ಅನೇಕ ಲಕ್ಷಣಗಳನ್ನು ತಾನಾಗಿಯೇ ಹೊತ್ತುಕೊಂಡು ಬರುತ್ತದೆ: ಹನ್ನೆರಡನೆಯ ಫ್ರೆಟ್‌ನಲ್ಲಿ ಕೂಡುವ ದಂಡಿ, ಚುಕ್ಕೆಯಿಲ್ಲದ ಮುಖ, ಉದ್ದುದ್ದ ಸೀಳಿರುವ ತಲೆಭಾಗ, ಬಿಳಿಯ ತಿರುಪುಗಳು. ಪೂರ್ಣ ಅಳತೆಯದು ಮಾತ್ರ ಸುಮಾರು 14½ ಅಂಗುಲದ ಒಡಲಿನಿಂದಾಗಿ ದೊಡ್ಡದೆನಿಸುತ್ತದೆ, ಆದ್ದರಿಂದಲೇ ಮುಕ್ಕಾಲು ಅಳತೆಯದನ್ನು ಹೇಳುತ್ತಿದ್ದೇನೆ. ಮಕ್ಕಳ ಗಿಟಾರ್ ಎಂದು ಅಂಗಡಿಯವರು ಹೇಳಿದರೆ ಸಂಕೋಚಪಡಬೇಡಿ. ಟೇಪು ಹಿಡಿದು ಅಳೆಯಿರಿ, ಲೋವರ್ ಬೌಟ್ 11¼ರಿಂದ 13½ ಅಂಗುಲದೊಳಗೆ ಬಂದರೆ ಸಾಕು.

ಇಲ್ಲಿ ನೀವು ಒಂದು ಆಯ್ಕೆ ಮಾಡಲೇಬೇಕಾಗುತ್ತದೆ. ತಂತಿಯ ಕಂಪಿಸುವ ಭಾಗದ ಉದ್ದವನ್ನು "ಸ್ಕೇಲ್ ಲೆಂಗ್ತ್" ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಗಿಟಾರುಗಳಲ್ಲಿ ಇದು ಹೆಚ್ಚಾಗಿ 600ರಿಂದ 635 ಮಿಲಿಮೀಟರ್. ಯಮಾಹಾ ಸಿಎಸ್40 ಎಂಬ ಅಗ್ಗದ ಮಾದರಿಗೆ ಸ್ಪ್ರೂಸ್ ಹಲಗೆ ಇದೆ, ಬಣ್ಣ ಸರಿಹೊಂದುತ್ತದೆ, ಆದರೆ ಸ್ಕೇಲ್ 580 ಮಿಲಿಮೀಟರ್ ಆದ್ದರಿಂದ ದೊಡ್ಡ ಕೈಯವರಿಗೆ ಇಕ್ಕಟ್ಟಾಗುತ್ತದೆ, ಮಂದ್ರದ ತಂತಿಗಳು ಸಡಿಲವೆನಿಸುತ್ತವೆ. ಕಾರ್ಡೋಬಾ ಕಂಪನಿಯ ಕಡೆತೆ ಮಾದರಿಯ ಸ್ಕೇಲ್ 615 ಮಿಲಿಮೀಟರ್, ಒಡಲೂ ಒಪ್ಪುವಂಥದ್ದೇ, ಆದರೆ ಹಲಗೆ ಸೀಡರ್ ಮರದ್ದು, ಬೆಲೆಯೂ ಹೆಚ್ಚು. ಕೆಂಗಂದು ಬಣ್ಣದ ಸೀಡರ್ ಗಿಟಾರಿಗೆ ಬಂದದ್ದು 1960ರ ದಶಕದಲ್ಲಿ, ಸ್ಪೇನಿನ ರಾಮಿರೆಸ್ ಕಾರ್ಯಾಗಾರದ ಮೂಲಕ. ಶುದ್ಧವಾದಿಗಳು ಬಣ್ಣವನ್ನು ಆಕ್ಷೇಪಿಸಬಹುದು. ನನ್ನ ತೀರ್ಮಾನ ಇದು: ಹಾಡಿಗೆ ಜೊತೆ ನುಡಿಸುವಷ್ಟೇ ಉದ್ದೇಶವಿದ್ದರೆ ಸ್ಪ್ರೂಸ್‌ನ ಚಿಕ್ಕದನ್ನು ಕೊಳ್ಳಿ, ಆ ಕಾಲದ ರಚನೆಗಳನ್ನು ಕಲಿತು ನುಡಿಸಬೇಕೆಂದಿದ್ದರೆ ಬಣ್ಣಕ್ಕಿಂತ ಕೈಗೆ ಒಪ್ಪುವ ಉದ್ದವೇ ಮುಖ್ಯ.

4. ಅಂಗಡಿಯಲ್ಲಿಯೇ ಪರೀಕ್ಷಿಸಿ

ಅಗ್ಗದ ವಾದ್ಯಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ, ಆದ್ದರಿಂದ ಒಂದೇ ಮಾದರಿಯ ಎರಡು ಮೂರನ್ನು ತೆಗೆಸಿ ನೋಡಿ. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ದಂಡಿಯ ಉದ್ದಕ್ಕೂ ನೋಡಿದರೆ ತಿರುಚಿದ್ದು ಕಾಣುತ್ತದೆ. ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿಯ ಎತ್ತರ ತೆಳು ತಂತಿಗೆ 3, ದಪ್ಪ ತಂತಿಗೆ 4 ಮಿಲಿಮೀಟರಿನ ಸುತ್ತ ಇದ್ದರೆ ಸರಿ. ಅದೇ ಫ್ರೆಟ್‌ನ ಮೇಲೆ ತಂತಿಯನ್ನು ಒತ್ತದೆ ಬೆರಳು ತಾಕಿಸಿ ಮೀಟಿದಾಗ ಬರುವ ಸ್ವರವೂ, ಒತ್ತಿ ಮೀಟಿದಾಗ ಬರುವ ಸ್ವರವೂ ಒಂದೇ ಶ್ರುತಿಯಲ್ಲಿರಬೇಕು. ಒತ್ತಿದ ಸ್ವರ ಏರಿದ್ದರೆ ಆ ವಾದ್ಯವನ್ನು ಬಿಟ್ಟುಬಿಡಿ, ಅದನ್ನು ಅಗ್ಗದಲ್ಲಿ ಸರಿಪಡಿಸಲಾಗದು. ಬಳಸಿದ ವಾದ್ಯವಾದರೆ ಬ್ರಿಡ್ಜ್‌ನ, ಎಂದರೆ ವೀಣೆಯ ಕುದುರೆಗೆ ಸಮನಾದ ಭಾಗದ, ಹಿಂದಿನ ಅಂಚಿಗೆ ಒಂದು ಕಾಗದದ ತುದಿಯನ್ನು ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಅಂಟು ಬಿಡುತ್ತಿದೆ ಎಂದರ್ಥ. ಒಳಗಿನ ಪಟ್ಟಿಗಳು ಸಡಿಲವಾಗಿಲ್ಲವೆ ಎಂಬುದನ್ನು ಕನ್ನಡಿ ಮತ್ತು ಟಾರ್ಚಿನಿಂದ ನೋಡಿ.

5. ತಂತಿ ಬದಲಿಸಿ

ಈ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವುದು ತಂತಿ, ಹಾಗೆಯೇ ದೊಡ್ಡ ತಪ್ಪಾಗುವುದೂ ಇಲ್ಲಿಯೇ. ಮೊದಲು ಎಚ್ಚರಿಕೆ: ಕ್ಲಾಸಿಕಲ್ ಗಿಟಾರಿಗೆ, ಅಥವಾ ಕರುಳಿನ ತಂತಿಗಾಗಿ ಮಾಡಿದ ಯಾವುದೇ ಹಳೆಯ ವಾದ್ಯಕ್ಕೆ, ಎಂದಿಗೂ ಉಕ್ಕಿನ ತಂತಿ ಹಾಕಬೇಡಿ. ಆರು ನೈಲಾನ್ ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೊ ಭಾರದಷ್ಟು. ತೆಳುವಾದ ಉಕ್ಕಿನ ಜೊತೆಯದು 70 ಕಿಲೊ ದಾಟುತ್ತದೆ. ಬ್ರಿಡ್ಜ್ ಕಿತ್ತುಬರುತ್ತದೆ, ಅದರೊಂದಿಗೆ ಹಲಗೆಯ ಸಿಬಿರೂ ಬರುತ್ತದೆ. ಮಾರ್ಟಿನ್ ಅವರು 1840ರ ದಶಕದಲ್ಲಿಯೇ ಹಲಗೆಯೊಳಗೆ ಎಕ್ಸ್ ಆಕಾರದ ಪಟ್ಟಿ ಹಾಕಿದ್ದರಿಂದ ಅವರ ಹಳೆಯ ಗಿಟಾರ್ ಉಕ್ಕನ್ನು ತಡೆಯುತ್ತದೆಂದು ಕೆಲವರು ವಾದಿಸುತ್ತಾರೆ. ಅದು ತಪ್ಪು, ಆ ಪಟ್ಟಿಗಳನ್ನೂ ಕರುಳಿನ ತಂತಿಗೆಂದೇ ತೆಳುವಾಗಿ ಮಾಡಿದ್ದರು, ಉಕ್ಕಿಗೆಂದೇ ಕಟ್ಟಿದ ಮಾರ್ಟಿನ್‌ಗಳು ರೂಢಿಯಾದದ್ದು 1920ರ ದಶಕದಲ್ಲಿ.

ಹಾಗಾದರೆ ಯಾವುದನ್ನು ಹಾಕಬೇಕು? ನಿಜವಾದ ಕರುಳಿನ ತಂತಿ ಈಗಲೂ ಸಿಗುತ್ತದೆ. ಅದರ ನಾದದಲ್ಲಿ ಒಂದು ಬಗೆಯ ಒಣತನ, ಮಾತಿನಂಥ ಸ್ಪಷ್ಟತೆ ಇದೆ, ಒಮ್ಮೆ ಕೇಳಿದವರಿಗೆ ನೈಲಾನ್ ಸಪ್ಪೆಯೆನಿಸುತ್ತದೆ. ಆದರೆ ಬೆಲೆ ಹೆಚ್ಚು, ಹವೆಯ ತೇವ ಏರಿದಂತೆ ಶ್ರುತಿ ಜಾರುತ್ತದೆ, ತೆಳುವಾದ ಮೊದಲ ತಂತಿ ಎಳೆ ಬಿಟ್ಟು ಬೇಗ ತುಂಡಾಗುತ್ತದೆ. ಅಂತರ್ಯುದ್ಧದ ದೊಡ್ಡ ಕದನ ನಡೆದ ಗೆಟಿಸ್‌ಬರ್ಗಿನಲ್ಲಿ ಜುಲೈ ತಿಂಗಳ ಬೆವರಿಳಿಸುವ ಮಧ್ಯಾಹ್ನಕ್ಕೆ ಇದು ತಕ್ಕುದಲ್ಲ. ನನ್ನ ಆಯ್ಕೆ ಇಟಲಿಯ ಅಕ್ವಿಲಾ ಕಂಪನಿಯ ನೈಲ್‌ಗಟ್ ಎಂಬ ಕೃತಕ ತಂತಿ. ಅದರ ಸಾಂದ್ರತೆ ಕರುಳಿಗೆ ಹತ್ತಿರವಾದ್ದರಿಂದ ದಪ್ಪವೂ ನಾದವೂ ಹತ್ತಿರ. ಮೇಲಾಗಿ ಅದು ಗಾಜಿನಂತೆ ಪಾರದರ್ಶಕವಲ್ಲ, ಹಾಲುಬಿಳುಪು, ಆದ್ದರಿಂದ ಹತ್ತಿರದಿಂದ ನೋಡುವವರ ಕಣ್ಣಿಗೂ ಒಪ್ಪುತ್ತದೆ. ನೈಲಾನ್ ತಂತಿ ಗಿಟಾರಿಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ನೈಲ್‌ಗಟ್ ಸಿಗದಿದ್ದರೆ ಮೇಲ್ಮೈ ಉಜ್ಜಿ ಮಂಜಾಗಿಸಿದ "ರೆಕ್ಟಿಫೈಡ್" ನೈಲಾನ್ ಕೇಳಿ.

ಮಂದ್ರದ ಮೂರು ತಂತಿಗಳ ವಿಷಯದಲ್ಲಿ ಚಿಂತೆ ಬೇಡ. ಆ ಕಾಲದಲ್ಲಿ ರೇಷ್ಮೆಯ ಎಳೆಗಳ ಮೇಲೆ ಬೆಳ್ಳಿಯ ಲೇಪವಿದ್ದ ತಾಮ್ರದ ತಂತಿಯನ್ನು ಸುತ್ತುತ್ತಿದ್ದರು. ಈಗ ರೇಷ್ಮೆಯ ಬದಲು ನೈಲಾನ್ ಎಳೆ ಇದೆ, ಹೊರನೋಟ ಅದೇ. ಹಳದಿ ಛಾಯೆಯ ಕಂಚಿನ ಸುತ್ತು ಮಾತ್ರ ಬೇಡ. ಬ್ರಿಡ್ಜ್‌ನಲ್ಲಿ ಗಂಟು ಹಾಕಿದ ಮೇಲೆ ತಂತಿಯ ತುದಿಗಳನ್ನು ಚಿಕ್ಕದಾಗಿ ಕತ್ತರಿಸಿ.

6. ಈ ಕಾಲದ ಗುರುತುಗಳನ್ನು ಮರೆಮಾಡಿ

ತಂತಿ ಬಿಚ್ಚಿರುವಾಗಲೇ ಈ ಕೆಲಸ ಮುಗಿಸಿ. ತಲೆಭಾಗದಲ್ಲಿ ಕಂಪನಿಯ ಹೆಸರಿದ್ದರೆ ಕಡುಕಂದು ಬಣ್ಣದ ತೆಳುವಾದ ಮರದ ಪದರವನ್ನು ಅದರ ಆಕಾರಕ್ಕೆ ಕತ್ತರಿಸಿ, ಮುಂದೆ ಬಿಡಿಸಲು ಬರುವಂಥ ಅಂಟಿನಿಂದ ಕೂರಿಸಿ. ಒಳಗಿನ ಚೀಟಿಯನ್ನು ಕೀಳಬೇಡಿ, ಮೇಲೊಂದು ಮಾಸಲು ಬಣ್ಣದ ಸಾದಾ ಕಾಗದ ಹಚ್ಚಿದರೆ ಸಾಕು. ತಿರುಪುಗಳ ಹೊಳೆಯುವ ತಗಡಿನ ಬದಲು ಹಿತ್ತಾಳೆ ಬಣ್ಣದ್ದು ಹಾಕಿದರೆ ಒಳ್ಳೆಯದು, ಕಡ್ಡಾಯವಲ್ಲ.

ಮೆರುಗಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾಲದ ಗಿಟಾರಿಗೆ ಹಾಕುತ್ತಿದ್ದುದು ಅರಗಿನ ಮೆರುಗು. ಚನ್ನಪಟ್ಟಣದ ಗೊಂಬೆಗಳನ್ನು ಹೊಳೆಯಿಸುವ ಅದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಮರಕ್ಕೆ ತೆಳುವಾಗಿ ತೀಡುತ್ತಿದ್ದರು. ಅದಕ್ಕೂ ಹೊಳಪಿತ್ತು, ಆದರೆ ಮರಕ್ಕೆ ಅಂಟಿಕೊಂಡ ತೆಳುವಾದ ಹೊಳಪು. ಇಂದಿನ ಪಾಲಿಯುರಿಥೇನ್‌ನಂತೆ ಗಾಜಿನ ಹಾಳೆ ಹೊದಿಸಿದಂತಿರಲಿಲ್ಲ. ಆದ್ದರಿಂದ ನಮ್ಮ ಕೆಲಸ ಹೊಳಪನ್ನು ತಗ್ಗಿಸುವುದೇ ಹೊರತು ವಾದ್ಯವನ್ನು ಹಳತು ಮಾಡುವುದಲ್ಲ. ಗೀರು ಹಾಕುವುದು, ಮಸಿ ಬಳಿಯುವುದು, ಅಂಚುಗಳನ್ನು ಕೆರೆಯುವುದು ಬೇಡವೇ ಬೇಡ. 1863ರಲ್ಲಿ ನಾಜರೆತ್‌ನಿಂದ ಬಂದ ಗಿಟಾರ್ 1863ರಲ್ಲಿ ಹೊಸದಾಗಿಯೇ ಇತ್ತು.

ವಿಧಾನ ಹೀಗೆ. ದನಿಯ ರಂಧ್ರವನ್ನು ಒಳಗಿನಿಂದ ಕಾಗದದಿಂದ ಮುಚ್ಚಿ, ಸುತ್ತಲ ಚಿತ್ರಾಲಂಕಾರದ ಮೇಲೆ ಸೌಮ್ಯವಾದ ಟೇಪು ಹಚ್ಚಿ. ನಾಲ್ಕು ಸೊನ್ನೆಯ ಗುರುತಿನ ಅತಿ ನಯವಾದ ಉಕ್ಕಿನ ಉಣ್ಣೆಗೆ (ಸ್ಟೀಲ್ ವುಲ್) ಒಂದಿಷ್ಟು ಪೀಠೋಪಕರಣದ ಮೇಣ ತಾಗಿಸಿ, ಮರದ ಎಳೆಯ ಗುಂಟ, ಬೆರಳಿನ ಭಾರವಷ್ಟೇ ಬೀಳುವಂತೆ, ಒಂದೇ ದಿಕ್ಕಿನಲ್ಲಿ ಉದ್ದವಾಗಿ ಎಳೆಯಿರಿ. ಹತ್ತು ಹನ್ನೆರಡು ಬಾರಿ ಎಳೆಯುವಷ್ಟರಲ್ಲಿ ಕಿಟಕಿಯ ಪ್ರತಿಬಿಂಬದ ಗೆರೆಗಳು ಮಸುಕಾಗಿ, ಹಲಗೆಯ ಮೇಲೆ ಬೆಳಕು ಚುಕ್ಕೆಯಾಗಿ ನಿಲ್ಲದೆ ಹರಡಿಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಿ, ಹತ್ತಿಬಟ್ಟೆಯಿಂದ ಒರೆಸಿ. ಅಂಚುಗಳಲ್ಲಿ ಲೇಪ ತೆಳುವಾಗಿರುವುದರಿಂದ ಅಲ್ಲಿ ಎರಡೇ ಸಲ ಎಳೆದರೆ ಸಾಕು. ವೃತ್ತಾಕಾರವಾಗಿ ಉಜ್ಜಿದರೆ ಬಿಸಿಲಿನಲ್ಲಿ ಸುರುಳಿ ಗೆರೆಗಳು ಕಾಣುತ್ತವೆ, ಅವು ಮತ್ತೆ ಹೋಗುವುದಿಲ್ಲ.

7. ಜೊತೆಯ ಸಾಮಾನು

ನೈಲಾನ್ ಚೀಲವನ್ನು ಶಿಬಿರಕ್ಕೆ ಒಯ್ಯಬೇಡಿ. ಆಗಿನ ಮರದ ಪೆಟ್ಟಿಗೆಗಳನ್ನು ಅವುಗಳ ಆಕಾರದಿಂದಾಗಿ ಶವಪೆಟ್ಟಿಗೆ ಎಂದೇ ಕರೆಯುವ ರೂಢಿಯಿದೆ, ಮರಗೆಲಸ ಬಲ್ಲವರು ಪೈನ್ ಹಲಗೆಯಿಂದ ಮಾಡಿಕೊಳ್ಳಬಹುದು. ಇಲ್ಲವಾದರೆ ದಪ್ಪ ಹತ್ತಿಬಟ್ಟೆಯಲ್ಲಿ ದಾರ ಕಟ್ಟುವ ಚೀಲವನ್ನು ಹೊಲಿಸಿಕೊಳ್ಳಿ. ತಲೆಗೆ ಕಚ್ಚಿಕೊಳ್ಳುವ ವಿದ್ಯುನ್ಮಾನ ಟ್ಯೂನರ್ ಡೇರೆಯೊಳಗೇ ಇರಲಿ. ಹೊರಗೆ ಶ್ರುತಿಕವಲು (ಟ್ಯೂನಿಂಗ್ ಫೋರ್ಕ್) ಬಳಸಿ, ಅದು 1711ರಿಂದಲೂ ಇರುವ ಸಾಧನ. ಬ್ಯಾಂಜೊ ಅಥವಾ ಪಿಟೀಲಿನವರು ಜೊತೆಗಿದ್ದರೆ ಅವರು ಯಾವ ಶ್ರುತಿಯಲ್ಲಿದ್ದಾರೆಂದು ಮೊದಲೇ ಕೇಳಿಕೊಳ್ಳಿ, ಏಕೆಂದರೆ ಆ ಕಾಲದ ಬ್ಯಾಂಜೊವನ್ನು ಇಂದಿನದಕ್ಕಿಂತ ಕೆಳಗಿನ ಶ್ರುತಿಗೆ ಕೂರಿಸುವ ರೂಢಿ. ಭುಜದ ಪಟ್ಟಿಗೆ ವಾದ್ಯದಲ್ಲಿ ರಂಧ್ರ ಕೊರೆಯಬೇಡಿ, ಕುಳಿತೇ ನುಡಿಸಿ. ತಂತಿ ಮೀಟುವ ಪ್ಲಾಸ್ಟಿಕ್ ಪಿಕ್ ಕೂಡ ಜೇಬಿನಲ್ಲಿ ಬೇಡ.

8. ಶಿಬಿರದಲ್ಲಿ ಕಾಪಾಡಿಕೊಳ್ಳುವುದು

ಅಗ್ಗದ ವಾದ್ಯ ಕೆಡುವುದು ನುಡಿಸುವುದರಿಂದಲ್ಲ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಿಂದ. ಒಳಗಿನ ಕಾವಿಗೆ ಅಂಟು ಮೆದುವಾಗಿ, ತಂತಿಯ ಎಳೆತಕ್ಕೆ ಬ್ರಿಡ್ಜ್ ಎದ್ದುಬಿಡುತ್ತದೆ. ಪ್ರಯಾಣದಲ್ಲಿ ಅದನ್ನು ಸೀಟಿನ ಮೇಲೆ ಇರಿಸಿ, ತಂತಿಗಳನ್ನು ಒಂದು ಸ್ವರದಷ್ಟು ಸಡಿಲಿಸಿ. ಡೇರೆಯ ಬಟ್ಟೆಯ ಬಳಿ ಒರಗಿಸಬೇಡಿ, ಬೆಳಗಿನ ಇಬ್ಬನಿ ಅಲ್ಲಿಯೇ ಮೊದಲು ಇಳಿಯುತ್ತದೆ. ನೆಲದಿಂದ ಎತ್ತರಿಸಿ, ಕಂಬಳಿಯಲ್ಲಿ ಸುತ್ತಿ, ಡೇರೆಯ ನಡುವೆ ಇಡಿ. ಬೆಂಕಿಯ ಸುತ್ತ ಹಾಡುವಾಗ ಹಲಗೆಗೆ ಕೈಯಿಟ್ಟು ನೋಡುತ್ತಿರಿ: ಮರ ಅಂಗೈಗೆ ಬೆಚ್ಚಗೆ ತಾಗಿತೆಂದರೆ ಎರಡು ಹೆಜ್ಜೆ ಹಿಂದೆ ಸರಿದು ಕೂರಿ. ಹೊಸ ತಂತಿ ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುವುದರಿಂದ, ಶಿಬಿರಕ್ಕೆ ಒಂದು ವಾರ ಮುಂಚೆಯೇ ತಂತಿ ಹಾಕಿ ದಿನವೂ ಶ್ರುತಿ ಮಾಡಿ, ಸುರುಳಿ ಸುತ್ತಿದ ಮೊದಲ ತಂತಿಯೊಂದನ್ನು ತಗಡಿನ ಸಣ್ಣ ಡಬ್ಬಿಯಲ್ಲಿ ಹಾಕಿ ಕೋಟಿನ ಜೇಬಿನಲ್ಲಿಟ್ಟುಕೊಳ್ಳಿ.